ತಪ್ಪು ಬಾಯಿದಲ್ಲ, ಗ್ವಾದಲಿದು

ದನ ಗೂಟ ಕಡಿದರೆ ನಮ್ಮ ಕಡೆ "ಅದಕ್ಕ ಚಟ ಹತ್ತೇತಿ" ಅನ್ನುತ್ತಾರೆ. ಕುದುರೆ ಬಾಗಿಲ ಚೌಕಟ್ಟು ಕಡಿದರೆ "ಖೋಡಿ ಕುದರಿ, ಮಾರಿಬಿಡ್ರಿ" ಅನ್ನುತ್ತಾರೆ. ಆಡು ಬೇವಿನ ಗಿಡದ ತೊಗಟೆ ಸುಲಿದರೆ "ಅದರ ಜಾತಿನ ಹಂಗ" ಅನ್ನುತ್ತಾರೆ. ಮೂರು ಮಾತು, ಮೂರರಲ್ಲೂ ತಪ್ಪು ಪ್ರಾಣಿಯದು. ಮೇವು ಹಾಕುವ ಮನುಷ್ಯ ಮಾತ್ರ ಎಲ್ಲಾದರೊಳಗೂ ಬಚಾವು. ಈ ಲೆಕ್ಕ ಸರಿಯಿಲ್ಲ ಅಂತ ಹೇಳಲಿಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ನಾನು ಪಶುವೈದ್ಯನಲ್ಲ. ಜತ್ತ ತಾಲೂಕಿನ ಒಣಬೇಸಾಯದ ಮನೆಯವನು. ಎತ್ತು, ಎಮ್ಮೆ, ನಾಲ್ಕು ಆಡು ಕಟ್ಟಿ ಬದುಕಿದವನು. ವಾಚನಾಲಯದಲ್ಲಿ ಸಿಕ್ಕ ಪುಸ್ತಕ ಓದಿದ್ದೇನೆ, ದನದ ದವಾಖಾನೆಯ ಡಾಕ್ಟರರಿಗೆ ಬೇಸರ ಬರುವಷ್ಟು ಪ್ರಶ್ನೆ ಕೇಳಿದ್ದೇನೆ. ನನ್ನ ವಾದ ಇಷ್ಟೇ: ಪ್ರಾಣಿ ಕಟ್ಟಿಗೆ ತಿನ್ನುತ್ತಿದೆ ಅಂದರೆ ಅದು ತನ್ನ ಗ್ವಾದಲಿಯ ಮೇಲೆ ಫಿರ್ಯಾದಿ ಕೊಡುತ್ತಿದೆ. ಫಿರ್ಯಾದಿ ಕೊಟ್ಟವನ ಬಾಯಿ ಕಟ್ಟಿದರೆ ನ್ಯಾಯ ಆಗುವುದಿಲ್ಲ.

ಮೊದಲು ನಾವು ಮಾಡುವ ಉಪಾಯಗಳನ್ನೇ ನೋಡೋಣ. ಒಂದನೆಯದು ಬಡಿಗೆ. ಹೊಡೆದರೆ ಎಮ್ಮೆ ಗೂಟ ಬಿಡುತ್ತದೆ, ಹೊಡೆದವನು ಒಳಗೆ ಹೋಗುವ ತನಕ. ಎರಡನೆಯದು ಖಾರಪುಡಿ ಕಲಸಿ ಹಚ್ಚುವುದು. ಹಚ್ಚಿದ ಕಂಬ ಬಿಟ್ಟು ಹಚ್ಚದ ಕಂಬಕ್ಕೆ ಬಾಯಿ ಹಾಕುತ್ತದೆ, ಅಷ್ಟೇ ಫರಕು. ಮೂರನೆಯದು ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಬಳಿಯುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಇಂಜಿನ್ನಿನೊಳಗೆ ತಿರುಗಿ ತಿರುಗಿ ಬಂದ ಆ ಎಣ್ಣೆಯಲ್ಲಿ ಲೋಹದ ಅಂಶ ಇರುತ್ತದೆ. ದನ ಅದನ್ನು ನೆಕ್ಕುತ್ತದೆ, ಕರು ನೆಕ್ಕುತ್ತದೆ. ಸೀಸದಂಥ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲು ನಮ್ಮ ಮನೆಯ ಕೂಸಿನ ಲೋಟಕ್ಕೇ ಬರುತ್ತದೆ. ನಾಲ್ಕನೆಯದು ಕಂಬಕ್ಕೆ ತಂತಿ ಸುತ್ತುವುದು, ಮೊಳೆ ಬಡಿಯುವುದು. ತಂತಿ ತುಕ್ಕು ಹಿಡಿದು ತುಂಡಾಗಿ ಮೇವಿನ ಜೊತೆ ಹೊಟ್ಟೆಗೆ ಹೋಗುತ್ತದೆ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ, ಎರಡನೆಯ ಕೋಣೆಯಲ್ಲಿ ತಂತಿ, ಮೊಳೆ ಉಳಿದುಬಿಡುತ್ತವೆ. ಆ ಕೋಣೆಗೂ ಗುಂಡಿಗೆಗೂ ನಡುವೆ ತೆಳ್ಳನೆಯ ಪರದೆ ಮಾತ್ರ. ಹೊಟ್ಟೆ ಹಿಂಡಿದಾಗ ತಂತಿ ಪರದೆ ದಾಟಿ ಗುಂಡಿಗೆಗೆ ಚುಚ್ಚಿತು ಅಂದರೆ ಆ ದನ ಉಳಿಯುವುದು ಕಷ್ಟ. ಹತ್ತು ರೂಪಾಯಿಯ ಗೂಟ ಉಳಿಸಲಿಕ್ಕೆ ಹೋಗಿ ಎಮ್ಮೆ ಕಳಕೊಳ್ಳುವ ಶಾಣೇತನ ಇದು.

ಐದನೆಯದು ಬಾಯಿಬುಟ್ಟಿ. ರಾಶಿ ಮಾಡುವಾಗ, ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಬುಟ್ಟಿ ಕಟ್ಟುವುದು ಬೇರೆ ಮಾತು, ಕೆಲಸ ಮುಗಿದ ಕೂಡಲೇ ಬಿಚ್ಚುತ್ತೇವೆ. ಕೊಟ್ಟಿಗೆಯಲ್ಲಿ ನಿಂತ ಪ್ರಾಣಿಗೆ ದಿನವಿಡೀ ಬುಟ್ಟಿ ಕಟ್ಟಿದರೆ ಅದು ಮೇಯುವುದು ಹೆಂಗ, ಮೆಲಕು ಹಾಕುವುದು ಹೆಂಗ, ನೀರು ಕುಡಿಯುವುದು ಹೆಂಗ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಇದೆ. ಕೊಟ್ಟಿಗೆಯ ಕಂಬಕ್ಕೆ ಬಣ್ಣ, ಅದರ ಮೇಲೆ ತಗಡು, ಬುಡದಲ್ಲಿ ಖಾಲಿ ಗ್ವಾದಲಿ. ಇದೇ ಆ ಮಲ್ಲಿಗೆ ಹೂವು.

ಈಗ ಕಾರಣಕ್ಕೆ ಬರೋಣ. ದನದ ವಿಷಯ ಮೊದಲು.

ದನ ದಿನಕ್ಕೆ ಏಳೆಂಟು ತಾಸು ಬರೀ ಮೆಲಕು ಹಾಕುತ್ತದೆ. ದೊಡ್ಡ ಆಕಳು ಒಂದು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ತಯಾರಿಸುತ್ತದೆ. ಆ ಜೊಲ್ಲಿನಲ್ಲಿ ಸೋಡಾದ ಅಂಶ ಇರುತ್ತದೆ, ಹೊಟ್ಟೆಯ ಹುಳಿಯನ್ನು ಅದು ತಣಿಸುತ್ತದೆ. ಆ ಸೋಡಾ ಎಲ್ಲಿಂದ ಬರಬೇಕು? ಉಪ್ಪಿನಿಂದ. ನಮ್ಮ ಜೋಳದ ಕಣಿಕೆಯಲ್ಲಿ ಉಪ್ಪಿನ ಅಂಶ ಬಹಳ ಕಡಿಮೆ. ಹಾಲು ಹಿಂಡಿದರೆ ಹಾಲಿನ ಜೊತೆಗೆ ಉಪ್ಪು ಹೋಯಿತು, ಎತ್ತು ಬೆವರಿದರೆ ಬೆವರಿನ ಜೊತೆಗೆ ಹೋಯಿತು. ಹೋದದ್ದನ್ನು ನಾವು ತುಂಬಿಕೊಡುವುದಿಲ್ಲ. ಹಂಗಾಗಿ ಅದು ನೊಗದ ಮೇಲಿನ ಬೆವರು ನೆಕ್ಕುತ್ತದೆ, ಕುಡಗೋಲಿನ ಹಿಡಿ ಕಡಿಯುತ್ತದೆ, ಗ್ವಾದಲಿಯ ಅಂಚು ನೆಕ್ಕುತ್ತದೆ, ಇನ್ನೊಂದು ದನದ ಉಚ್ಚೆಗೂ ಬಾಯಿ ಹಾಕುತ್ತದೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ನಾವೇ ಗಾದೆ ಹೇಳುತ್ತೇವೆ. ಆ ಗಾದೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತುಬಿಡುತ್ತದೆ.

ಎರಡನೆಯ ಕಾರಣ ರಂಜಕ, ಅಂದರೆ ಫಾಸ್ಫರಸ್. ಒಣಗಿದ ಕಣಿಕೆ, ಒಣ ಹುಲ್ಲು ಇವುಗಳಲ್ಲಿ ರಂಜಕ ಕಡಿಮೆ. ಬೇಸಿಗೆಯಲ್ಲಿ ಬರೀ ಬಣವೆಯ ಮೇವಿನ ಮೇಲೆ ನಿಂತ ದನ ಮೊದಲು ಕಟ್ಟಿಗೆ ಕಡಿಯುತ್ತದೆ, ಆಮೇಲೆ ಮಣ್ಣು, ಚಪ್ಪಲಿ, ಚಿಂದಿ ಬಟ್ಟೆ, ಕಡೆಗೆ ಹಾಳು ಬಿದ್ದ ಎಲುಬು. ರಂಜಕ ಬಹಳ ಇಳಿದರೆ ಈದ ಎಮ್ಮೆ ಕೆಂಪು ಉಚ್ಚೆ ಹೊಯ್ಯುತ್ತದೆ, ರಕ್ತದ ಕಣ ಒಡೆದು ಬರುವ ಬಣ್ಣ ಅದು. ಅಷ್ಟೊತ್ತಿಗೆ ಯಾರೋ ಒಬ್ಬರು "ಯಾರದೋ ಕಣ್ಣು ತಾಗೇತಿ" ಅಂತ ನಿಂಬೆಹಣ್ಣು ಇಳಿಸುತ್ತಿರುತ್ತಾರೆ. ಆ ಎಮ್ಮೆ ತಿಂಗಳುಗಟ್ಟಲೆ ಗೂಟ ಕಡಿದು ಹೇಳುತ್ತಿತ್ತು, ಕೇಳುವವರು ಇರಲಿಲ್ಲ.

ಎಲುಬು ಕಡಿಯುವ ಮಾತು ಸಣ್ಣದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸುಮಾರು 100 ವರ್ಷದ ಹಿಂದೆ ದನಗಳು ಕಾಲು ಸೋತು ಬಿದ್ದು ಸಾಯುತ್ತಿದ್ದವು. ಅರ್ನಾಲ್ಡ್ ಥೈಲರ್ ಎಂಬ ಪಶುವೈದ್ಯ ವಿಜ್ಞಾನಿ ಅದರ ಬುಡ ಹುಡುಕಿದ. ಅಲ್ಲಿಯ ಹುಲ್ಲಿನಲ್ಲಿ ರಂಜಕ ಇರಲಿಲ್ಲ, ಅದಕ್ಕೇ ದನ ಸತ್ತ ಪ್ರಾಣಿಯ ಎಲುಬು ಕಡಿಯುತ್ತಿದ್ದವು. ಕೊಳೆತ ಎಲುಬಿನಲ್ಲಿ ಹುಟ್ಟಿದ ವಿಷ ಅವುಗಳನ್ನು ಕೊಲ್ಲುತ್ತಿತ್ತು. ಹಸನಾದ ಎಲುಬಿನ ಪುಡಿಯನ್ನು ಮೇವಿನ ಜೊತೆ ಕೊಟ್ಟಾಗ ಎಲುಬಿನ ಆಸೆ ಇಳಿಯಿತು, ಸಾವೂ ಇಳಿಯಿತು. ಅಲ್ಲಿ ಯಾರೂ ದನದ ಬಾಯಿ ಕಟ್ಟಿ ಆ ರೋಗ ನಿಲ್ಲಿಸಲಿಲ್ಲ, ಗ್ವಾದಲಿ ತುಂಬಿ ನಿಲ್ಲಿಸಿದರು. ನಮ್ಮ ಊರ ಹೊರಗೆ ಸತ್ತ ದನ ಎಳೆದು ಒಗೆಯುವ ಜಾಗ ಇದೆಯಲ್ಲ, ಅಲ್ಲಿ ಮೇಯುವ ದನಕ್ಕೂ ಅದೇ ಅಪಾಯ ಇದೆ. ಸತ್ತದ್ದನ್ನು ಆಳವಾಗಿ ಹೂಳಬೇಕು. ಇವತ್ತಿನ ದಿನ ನಾವೇ ಎಲುಬು ಕುಟ್ಟಿ ಹಾಕುವ ಜರೂರಿ ಇಲ್ಲ, ಮಾಡಲೂಬಾರದು. ಅಂಗಡಿಯ ಖನಿಜ ಮಿಶ್ರಣದಲ್ಲಿ ರಂಜಕ ಇರುತ್ತದೆ.

ಮೂರನೆಯ ಕಾರಣ ನಮ್ಮ ಸೀಮೆಗೇ ಸೇರಿದ್ದು. ಬರ ಬಿದ್ದಾಗ, ಚಾರಾ ಛಾವಣಿ ತೆಗೆದಾಗ, ದನಕ್ಕೆ ತಿಂಗಳುಗಟ್ಟಲೆ ಕಬ್ಬಿನ ತುದಿಯ ಹಸಿ ಗರಿ ಬೀಳುತ್ತದೆ. ಮರಾಠಿಯಲ್ಲಿ ವಾಢೆ ಅನ್ನುತ್ತಾರಲ್ಲ, ಅದು. ಹಸಿರಾಗಿ ಕಾಣುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ಅದರಲ್ಲಿ ಆಕ್ಸಲೇಟ್ ಎಂಬ ಅಂಶ ಹೆಚ್ಚು, ಅದು ಮೈಯೊಳಗಿನ ಸುಣ್ಣದ ಅಂಶವನ್ನು ಹಿಡಿದು ಹೊರಗೆ ಹಾಕುತ್ತದೆ. ಬರಗಾಲದಲ್ಲಿ ಅದನ್ನು ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ಇದ್ದದ್ದೇ ಅದು. ಅದರ ಮೇಲೆ ಸುಣ್ಣದ ತಿಳಿನೀರು ಚಿಮುಕಿಸಿ ಹಾಕಬೇಕು, ಒಣ ಕಣಿಕೆ ಬೆರೆಸಬೇಕು, ಖನಿಜ ಮಿಶ್ರಣ ತಪ್ಪಿಸಬಾರದು ಅಂತ ಹೇಳುತ್ತೇನೆ.

ನಾಲ್ಕನೆಯದು ಜಂತು. ಹೊಟ್ಟೆಯಲ್ಲಿ ಹುಳ ಇದ್ದರೆ ನೀವು ಹಾಕಿದ ಮೇವಿನ ಸತ್ವ ಹುಳದ ಪಾಲು. ಕರು ಮಣ್ಣು ತಿನ್ನುತ್ತದೆ, ಗೋಡೆ ನೆಕ್ಕುತ್ತದೆ, ದಾವಣಿಯ ಹಗ್ಗ ಅಗಿಯುತ್ತದೆ, ಹೊಟ್ಟೆ ಮಾತ್ರ ಗಡಿಗೆಯಂತೆ ಉಬ್ಬಿರುತ್ತದೆ. ಐದನೆಯದು ನಾರಿನ ಕೊರತೆ. ಹಾಲು ಹೆಚ್ಚು ಬರಲಿ ಅಂತ ಹಿಂಡಿ, ಹಿಟ್ಟು ಏರಿಸಿ ಕಣಿಕೆ ಇಳಿಸಿದರೆ ದನಕ್ಕೆ ಮೆಲಕು ಹಾಕಲಿಕ್ಕೆ ಏನೂ ಉಳಿಯುವುದಿಲ್ಲ. ಆಗ ಅದು ನಾರು ಹುಡುಕುತ್ತದೆ, ಹತ್ತಿರ ಇರುವ ನಾರು ಅಂದರೆ ನಿಮ್ಮ ಕಂಬ.

ಇನ್ನು ಕುದುರೆ. ನಮ್ಮಲ್ಲಿ ಕುದುರೆ ಎಲ್ಲಿದೆ ಅಂತ ಕೇಳಬೇಡಿ. ಕುರಿ ಕಾಯುವವರ ಸಂಸಾರ ಹೊರುವ ತಟ್ಟು ಇದೆ, ಮದುವೆ ಮೆರವಣಿಗೆಯ ಕುದುರೆ ಇದೆ, ಟಾಂಗಾದ ಕುದುರೆ ಇನ್ನೂ ಅಲ್ಲಲ್ಲಿ ಉಳಿದಿದೆ. ಕುರುಬರ ತಟ್ಟು ಕುರಿಹಿಂಡಿನ ಜೊತೆ ದಾರಿಯುದ್ದಕ್ಕೂ ಮೇಯುತ್ತ ನಡೆಯುತ್ತದೆ, ಅದು ಗೂಟ ಕಡಿಯುವುದು ಅಪರೂಪ. ತಗಡಿನ ಕೆಳಗೆ ದಿನವಿಡೀ ನಿಲ್ಲುವ ಮದುವೆ ಕುದುರೆಯ ಗೂಟ ನೋಡಿ, ಅರ್ಧಕ್ಕೆ ಸವೆದಿರುತ್ತದೆ. ಎರಡೂ ಕುದುರೆಯೇ, ಎರಡಕ್ಕೂ ಅವೇ ಹಲ್ಲು. ಬೇರೆ ಇರುವುದು ಯಾವುದು?

ಬೇರೆ ಇರುವುದು ಮೇಯುವ ವೇಳೆ. ಕುದುರೆಯನ್ನು ಬಯಲಿಗೆ ಬಿಟ್ಟರೆ ದಿನಕ್ಕೆ ಹದಿನೈದು ಹದಿನಾರು ತಾಸು ಸ್ವಲ್ಪ ಸ್ವಲ್ಪವೇ ಮೇಯುತ್ತದೆ. ಅದರ ಮೈಗೆ ತಕ್ಕ ಹೊಟ್ಟೆ ಅಲ್ಲ ಅದು, 8ರಿಂದ 15 ಲೀಟರು ಹಿಡಿಯುವ ಸಣ್ಣ ಚೀಲ. ತಿಂದರೂ ತಿನ್ನದಿದ್ದರೂ ಆ ಚೀಲದಲ್ಲಿ ಹುಳಿ ಸುರಿಯುತ್ತಲೇ ಇರುತ್ತದೆ. ಜೊಲ್ಲು ಮಾತ್ರ ಅಗಿದಾಗಲೇ ಬರುವುದು. ನಾವು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಕಡಲೆ ಬೆಲ್ಲ ಹಾಕಿ, ನಡುವೆ ಹತ್ತು ತಾಸು ಖಾಲಿ ನಿಲ್ಲಿಸಿದರೆ ಆ ಹುಳಿ ಹೊಟ್ಟೆಯ ಗೋಡೆಯನ್ನೇ ತಿನ್ನುತ್ತದೆ. ಕಾಳು ಹೆಚ್ಚು ತಿಂದು ಹುಲ್ಲು ಕಡಿಮೆ ತಿಂದ ಕುದುರೆ ಕಟ್ಟಿಗೆ ಹೆಚ್ಚು ಅಗಿಯುತ್ತದೆ, ಹುಲ್ಲು ಸಾಕಷ್ಟು ಸಿಕ್ಕ ಕುದುರೆ ಕಡಿಮೆ ಅಗಿಯುತ್ತದೆ ಅಂತ ಪರೀಕ್ಷೆ ಮಾಡಿದವರು ಕಂಡಿದ್ದಾರೆ. ಕುದುರೆ ಮೈ ಮಿಂಚಲಿ ಅಂತ ಕಾಳು ಏರಿಸುವವನು ತನ್ನ ಬಾಗಿಲ ಚೌಕಟ್ಟನ್ನು ತಾನೇ ಅಡ ಇಡುತ್ತಾನೆ.

ಕುದುರೆಯಲ್ಲಿ ಇನ್ನೊಂದು ರೂಢಿ ಉಂಟು, ಅದನ್ನು ಕಟ್ಟಿಗೆ ತಿನ್ನುವುದರ ಜೊತೆ ಬೆರೆಸಬಾರದು. ಮುಂದಿನ ಹಲ್ಲಿನಿಂದ ಕಂಬದ ಅಂಚು ಹಿಡಿದು, ಕೊರಳು ಬಾಗಿಸಿ, ಗಕ್ ಅಂತ ಸಪ್ಪಳ ಮಾಡಿ ಗಾಳಿ ಎಳೆಯುತ್ತದೆ. ಅಲ್ಲಿ ಕಟ್ಟಿಗೆ ಸೀಳುವುದಿಲ್ಲ, ಅಂಚು ನುಣ್ಣಗೆ ಸವೆಯುತ್ತದೆ, ಮುಂದಿನ ಹಲ್ಲು ಸವೆಯುತ್ತವೆ. ಇದು ಒಬ್ಬಂಟಿಯಾಗಿ, ಬೇಸರದಲ್ಲಿ, ಹೊಟ್ಟೆ ಉರಿಯಲ್ಲಿ ನಿಂತ ಕುದುರೆಗೆ ಅಂಟುವ ರೂಢಿ. ಕೊರಳಿಗೆ ಬಿಗಿ ಪಟ್ಟಿ ಕಟ್ಟಿ ಇದನ್ನು ನಿಲ್ಲಿಸುವವರಿದ್ದಾರೆ. ಪಟ್ಟಿ ಬಿಚ್ಚಿದ ದಿನ ಮತ್ತೆ ಶುರು. ಒಂದು ಕುದುರೆಯನ್ನು ನೋಡಿ ಇನ್ನೊಂದು ಕಲಿಯುತ್ತದೆ ಅಂತ ದಲಾಲರು ಹೇಳಿ ಬೆಲೆ ಇಳಿಸುತ್ತಾರೆ. ಒಂದೇ ತಗಡಿನ ಕೆಳಗೆ, ಒಂದೇ ಖಾಲಿ ಗ್ವಾದಲಿಯ ಮುಂದೆ ನಿಂತ ಎರಡು ಕುದುರೆಗೆ ಒಂದೇ ರೂಢಿ ಬಂದರೆ ಅದನ್ನು ಕಲಿಕೆ ಅನ್ನುವುದಕ್ಕಿಂತ ಮೊದಲು ಆ ಗ್ವಾದಲಿ ನೋಡಬೇಕು.

ಆಡಿನ ಮಾತು ಸ್ವಲ್ಪ ಬೇರೆ, ನ್ಯಾಯವಾಗಿ ಹೇಳಬೇಕು. ಆಡು ಮುಟ್ಟದ ಸೊಪ್ಪಿಲ್ಲ. ಅದು ಗಿಡ ಮೇಯಲಿಕ್ಕೇ ಹುಟ್ಟಿದ ಪ್ರಾಣಿ, ತೊಗಟೆ ಅದರ ಊಟದ ಒಂದು ಪಾಲು. ಅಲ್ಲಿ ಚಿಕಿತ್ಸೆ ಬೇಕಾದದ್ದು ಗಿಡಕ್ಕೆ. ಶಾಲೆಯ ಅಂಗಳದಲ್ಲಿ ಹಚ್ಚಿದ ಸಸಿಗೆ ಮುಳ್ಳುಬೇಲಿ ಕಟ್ಟಬೇಕು, ಯಾಕಂದರೆ ಸುತ್ತಲೂ ಉಂಗುರದಂತೆ ತೊಗಟೆ ಹೋದ ಗಿಡ ಉಳಿಯುವುದಿಲ್ಲ. ಆದರೂ ಸೊಪ್ಪು ಎದುರಿಗೆ ಇದ್ದಾಗ ಅದನ್ನು ಬಿಟ್ಟು ಒಣ ಕಂಬವನ್ನೇ ಕಡಿಯುವ ಆಡು ಇದ್ದರೆ ಅದಕ್ಕೂ ಉಪ್ಪು, ಖನಿಜ, ಜಂತಿನ ಔಷಧ ಇವೇ ಮೂರು ಪ್ರಶ್ನೆ. ಇಲಿ, ಮೊಲ ಕಟ್ಟಿಗೆ ಕಡಿಯುವುದು ಇನ್ನೊಂದು ಲೆಕ್ಕ. ಅವುಗಳ ಮುಂದಿನ ಹಲ್ಲು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ, ಕಡಿಯದಿದ್ದರೆ ಬಾಯಿ ಮುಚ್ಚಲಿಕ್ಕೂ ಆಗುವುದಿಲ್ಲ. ಮೊಲ ಸಾಕುವ ಹುಡುಗರು ಅದಕ್ಕೊಂದು ಬೇವಿನ ಕೊಂಬೆ ಇಟ್ಟರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. ಎಲ್ಲ ಕಡಿತವೂ ಮೇವಿನ ಕೊರತೆಯಲ್ಲ. ನಿನ್ನೆ ತನಕ ಸುಮ್ಮನಿದ್ದ ದನ ಅಥವಾ ಕುದುರೆ ಒಮ್ಮೆಲೇ ಗೂಟ, ಕಲ್ಲು, ತನ್ನ ಮೈಯನ್ನೇ ಕಡಿಯುತ್ತಿದೆ, ಬಾಯಿಂದ ಜೊಲ್ಲು ಸುರಿಯುತ್ತಿದೆ, ಕೂಗು ಒಡೆದಿದೆ, ನೀರು ನುಂಗಲಿಕ್ಕೆ ಬರುತ್ತಿಲ್ಲ ಅಂದರೆ ಅದು ಹುಚ್ಚುನಾಯಿ ರೋಗ ಇರಬಹುದು. ಗಂಟಲಿಗೆ ಏನೋ ಸಿಕ್ಕಿದೆ ಅಂತ ಯಾರೂ ಅದರ ಬಾಯಿಯೊಳಗೆ ಕೈ ಹಾಕಬಾರದು. ಹಾಕಿದ್ದರೆ, ಜೊಲ್ಲು ಗಾಯಕ್ಕೆ ತಾಗಿದ್ದರೆ, ಸಾಬೂನಿನಿಂದ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಅವತ್ತೇ ಸರಕಾರಿ ದವಾಖಾನೆಗೆ ಹೋಗಿ ಚುಚ್ಚುಮದ್ದು ತೆಗೆದುಕೊಳ್ಳಬೇಕು. ಹೊಸದಾಗಿ ಈದ, ಹಾಲು ಜೋರಾಗಿ ಕೊಡುವ ಎಮ್ಮೆ ಒಂದೇ ಸಮನೆ ಗೋಡೆ, ಗೂಟ ನೆಕ್ಕಿ ಕಡಿದು ಮೇವು ಬಿಟ್ಟರೆ ಅದು ಮೈಯಲ್ಲಿ ಸಕ್ಕರೆ ಇಳಿದ ರೋಗ ಇರಬಹುದು. ಹಳೆಯ ಬ್ಯಾಟರಿ, ಹಳೆಯ ಬಣ್ಣದ ಬಾಗಿಲು ನೆಕ್ಕಿದ ದನ ಕುರುಡಾದಂತೆ ಗೋಡೆಗೆ ತಲೆ ಒತ್ತಿ ನಿಂತರೆ ಅದು ಸೀಸದ ವಿಷ ಇರಬಹುದು. ಇವು ಮೂರೂ ಡಾಕ್ಟರರ ಕೆಲಸ, ನಮ್ಮ ನಿಮ್ಮ ಉಪಾಯದ ಕೆಲಸವಲ್ಲ.

ಈಗ ನನ್ನ ಮಾತಿಗೆ ಎದುರು ಮಾತು ಬರುತ್ತದೆ. ಕಟ್ಟೆಯ ಮೇಲೆ ಕೂತಾಗ ಎಲ್ಲರೂ ಹೇಳುವುದು ಒಂದೇ: "ನಮ್ಮ ಅಪ್ಪ, ಮುತ್ಯಾ ಯಾವ ಖನಿಜ ಹಾಕಿದ್ರು? ಅವರ ದನ ಗೂಟ ಕಡಿತಿದ್ವೇನು?" ಒಳ್ಳೆಯ ಪ್ರಶ್ನೆ, ಉತ್ತರ ಪ್ರಶ್ನೆಯೊಳಗೇ ಇದೆ. ಮುತ್ಯಾನ ದನ ಗೂಟದಲ್ಲಿ ಇರುತ್ತಲೇ ಇರಲಿಲ್ಲ. ಮುಂಜಾನೆ ಗಾಯರಾನಕ್ಕೆ ಹೋಗಿ ಸಂಜೆ ಬರುತ್ತಿತ್ತು. ಹತ್ತು ಜಾತಿಯ ಹುಲ್ಲು, ಹಳ್ಳದ ದಂಡೆಯ ಸೊಪ್ಪು, ಬದುವಿನ ಮೇಲಿನ ಕಾಯಿ ತಿನ್ನುತ್ತಿತ್ತು, ಸವಳು ಮಣ್ಣು ನೆಕ್ಕುತ್ತಿತ್ತು. ಅದರ ಖನಿಜ ಮಿಶ್ರಣದ ಅಂಗಡಿ ಆ ಗಾಯರಾನವೇ ಆಗಿತ್ತು. ಆ ಗಾಯರಾನದಲ್ಲಿ ಇವತ್ತು ಏನು ಉಳಿದಿದೆ, ಯಾರ ಹೊಲ ಅದರೊಳಗೆ ಎಷ್ಟು ದೂರ ಸರಿದಿದೆ, ನಿಮಗೆಲ್ಲ ಗೊತ್ತು. ಬಯಲನ್ನು ನಾವು ತಿಂದೆವು. ದನವನ್ನು ಒಂದು ಮೊಳದ ಹಗ್ಗಕ್ಕೆ ಕಟ್ಟಿ, ಒಂದೇ ಜಾತಿಯ ಕಣಿಕೆ ಹಾಕಿ, ಅದು ಕಂಬ ಕಡಿದಾಗ ಅದಕ್ಕೇ ಚಟ ಅಂದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಎರಡನೆಯ ಎದುರು ಮಾತು ರೊಕ್ಕದ್ದು. "ಮನಿಗೇ ಎಣ್ಣಿ ಇಲ್ಲ, ದನಕ್ಕ ಖನಿಜ ಎಲ್ಲಿಂದ ತರೂಣು?" ಬರದ ಸೀಮೆಯಲ್ಲಿ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಲೆಕ್ಕ ಹಾಕಿ. ದೊಡ್ಡ ದನಕ್ಕೆ ದಿನಕ್ಕೆ ಸುಮಾರು 30 ಗ್ರಾಂ ಉಪ್ಪು ಸಾಕು, ಅಂದರೆ ತಿಂಗಳಿಗೆ ಒಂದು ಕಿಲೋಕ್ಕಿಂತ ಕಡಿಮೆ. ಅದರ ಬೆಲೆ ನಮ್ಮ ಒಂದು ದಿನದ ಚಹಾ ಎಲೆ ಅಡಿಕೆಯ ಖರ್ಚಿಗಿಂತ ಹೆಚ್ಚಲ್ಲ. ಕಡಿಸಿಕೊಂಡ ಬಾಗಿಲು, ಬಡಿದ ತಗಡು, ಬಳಿದ ಬಣ್ಣ, ಸೂಜಿ ಔಷಧದ ಬಿಲ್ಲು ಇವೆಲ್ಲ ಕೂಡಿಸಿದರೆ ಬಡವನಿಗೆ ಯಾವುದು ತುಟ್ಟಿ?

ಮೂರನೆಯ ಮಾತು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು. "ಕೊಡ್ರಿ, ಮಾರಿಬಿಡ್ರಿ, ಹೋಗಲಿ." ಜತ್ತದ ಯಲ್ಲಮ್ಮನ ಜಾತ್ರೆಗೆ ಖಿಲಾರಿ ಎತ್ತು ಕೊಳ್ಳಲಿಕ್ಕೆ ಹೋದಾಗ ಹಲ್ಲು ನೋಡುತ್ತೇವೆ, ಕೊಂಬು, ಸುಳಿ, ಗೊರಸು ನೋಡುತ್ತೇವೆ. ಕೊಟ್ಟವನ ಗ್ವಾದಲಿ ಹೆಂಗಿತ್ತು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಗೂಟ ಕಡಿಯುವ ಎತ್ತು ಅರ್ಧ ಬೆಲೆಗೆ ಹೋಗುತ್ತದೆ. ಕೊಂಡವನು ಅದೇ ಬರೀ ಕಣಿಕೆ ಹಾಕುತ್ತಾನೆ, ಅದು ಮತ್ತೆ ಕಡಿಯುತ್ತದೆ, ಮತ್ತೆ ಕೈ ಬದಲಾಗುತ್ತದೆ, ಕಡೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಎರಡು ಚಮಚ ಉಪ್ಪಿನ ಸಲುವಾಗಿ ಒಂದು ಒಳ್ಳೆಯ ಎತ್ತಿನ ಬಾಳು ಹೋಗುತ್ತದೆ.

ಹಂಗಾದರೆ ಮಾಡಬೇಕಾದದ್ದು ಏನು? ಸಾಲಾಗಿ ಹೇಳುತ್ತೇನೆ.

ಮೊದಲು ಮೇವು ತೂಗಿ ನೋಡಿ. ದನಕ್ಕೆ 100 ಕಿಲೋ ಮೈತೂಕಕ್ಕೆ ದಿನಕ್ಕೆ ಎರಡೂವರೆಯಿಂದ ಮೂರು ಕಿಲೋ ಒಣ ಲೆಕ್ಕದ ಆಹಾರ ಬೇಕು. ಅಂದರೆ 400 ಕಿಲೋದ ಎಮ್ಮೆಗೆ ಎಲ್ಲ ಕೂಡಿ 10ರಿಂದ 12 ಕಿಲೋ. ಕುದುರೆಗೆ 100 ಕಿಲೋ ಮೈತೂಕಕ್ಕೆ ಒಂದೂವರೆಯಿಂದ ಎರಡು ಕಿಲೋ ಒಣ ಹುಲ್ಲು, ಕಾಳು ಇದರ ಹೊರಗೆ. ಅದನ್ನು ಒಮ್ಮೆಲೇ ಸುರಿಯದೆ ನಾಲ್ಕೈದು ಸಲ ಹಂಚಿ ಹಾಕಿ, ರಾತ್ರಿಗೊಂದು ಪಾಲು ಇಡಿ. ಕಣಿಕೆಯನ್ನು ಕುಟ್ಟಿ ಮಾಡಿ ಹಾಕಿದರೆ ದನಕ್ಕೆ ಹಾಳಾಗುವುದು ಕಡಿಮೆ, ಒಳ್ಳೆಯದೇ. ಕುದುರೆಗೆ ಮಾತ್ರ ಒಂದು ಪಾಲು ಉದ್ದ ಹುಲ್ಲೇ ಇರಲಿ, ಅಗಿಯುವ ಕೆಲಸ ಅದಕ್ಕೆ ಬೇಕು.

ಎರಡನೆಯದು ಉಪ್ಪು ಮತ್ತು ಖನಿಜ. ಉಪ್ಪು ಮೇಲೆ ಹೇಳಿದಷ್ಟು, ಬೆವರುವ ಎತ್ತಿಗೆ ಸ್ವಲ್ಪ ಹೆಚ್ಚು. 300 ಕಿಲೋದ ತಟ್ಟಿಗೂ ದಿನಕ್ಕೆ ಅದೇ 30 ಗ್ರಾಂ. ದನದ ಖನಿಜ ಮಿಶ್ರಣ ದೊಡ್ಡ ದನಕ್ಕೆ ಸುಮಾರು 50 ಗ್ರಾಂ, ಹಿಂಡುವ ಎಮ್ಮೆಗೆ 100 ಗ್ರಾಂ ಅಥವಾ ಡಾಕ್ಟರರು ಹೇಳಿದಷ್ಟು, ಕರುವಿಗೆ 20-25 ಗ್ರಾಂ. ಅಂಗಡಿಯಲ್ಲಿ ಚಾಟಣ ವೀಟ್ ಅಂತ ಮಾರುತ್ತಾರೆ, ನಾವು ನೆಕ್ಕುವ ಇಟ್ಟಂಗಿ ಅನ್ನೋಣ. ಕೊಳ್ಳುವ ಮೊದಲು ಅದರಲ್ಲಿ ಯೂರಿಯಾ ಇದೆಯೋ ಇಲ್ಲವೋ ಕೇಳಿ. ಯೂರಿಯಾ ಇರುವ ಇಟ್ಟಂಗಿಯನ್ನು ಕುದುರೆಗೂ ಸಣ್ಣ ಕರುವಿಗೂ ಕೊಡಬಾರದು. ಗೋಧಿ ತೌಡಿನಲ್ಲಿ ರಂಜಕ ಚೆನ್ನಾಗಿದೆ, ದನಕ್ಕೆ ಒಳ್ಳೆಯದು. ಕುದುರೆಗೆ ಬರೀ ತೌಡು ತಿಂಗಳುಗಟ್ಟಲೆ ಹಾಕಿದರೆ ಸುಣ್ಣದ ಅಂಶ ಕೆಟ್ಟು ಎಲುಬು ಮೆತ್ತಗಾಗುತ್ತವೆ. ಹಾಗಾಗಿ ಅಲ್ಲಿ ಹದ ಇರಲಿ.

ಮೂರನೆಯದು ಜಂತಿನ ಔಷಧ. ಮಳೆಗಾಲದ ಮೊದಲೊಮ್ಮೆ, ಮಳೆಗಾಲದ ನಂತರ ಒಮ್ಮೆ, ಕರುಗಳಿಗೆ ಡಾಕ್ಟರರು ಹೇಳಿದಂತೆ ಇನ್ನೂ ಬೇಗ ಬೇಗ. ನಾಲ್ಕನೆಯದು ನೀರು ಮತ್ತು ನಡಿಗೆ. ನೀರು ಕಡಿಮೆ ಕುಡಿದ ದನ ಒಣ ಮೇವು ಕಡಿಮೆ ತಿನ್ನುತ್ತದೆ. ದಿನಕ್ಕೆ ಒಂದು ತಾಸಾದರೂ ಬಿಚ್ಚಿ ಅಡ್ಡಾಡಿಸಿ. ಕುದುರೆಯನ್ನು ಒಂಟಿಯಾಗಿ ಗೋಡೆಗೆ ಮುಖ ಮಾಡಿ ಕಟ್ಟಬೇಡಿ. ಜೊತೆಗೆ ಒಂದು ಆಡು ಇದ್ದರೂ ನಡೆಯುತ್ತದೆ.

ಐದನೆಯದು, ಕಡಿಯಬೇಕಾದರೆ ಕಡಿಯಲಿಕ್ಕೆ ಒಳ್ಳೆಯದನ್ನೇ ಕೊಡಿ. ಬೇವಿನ ಕೊಂಬೆ, ಜಾಲಿಯ ಕೊಂಬೆ ಎದುರಿಗೆ ತೂಗುಹಾಕಿ. ಕಣಗಿಲ ಹೂವಿನ ಗಿಡ ಮಾತ್ರ ಕೊಟ್ಟಿಗೆಯ ಹತ್ತಿರ ಬೇಡವೇ ಬೇಡ, ಅದರ ಎಲೆ, ಕಡ್ಡಿ ಎಲ್ಲವೂ ಕೊಲ್ಲುವ ವಿಷ. ಕಾಲುವೆ ದಂಡೆಯ ಬೇಶರಮ್ ಗಿಡವೂ ಆಡಿಗೆ ವಿಷವೇ. ಸುಬಾಬುಲ್ ಸೊಪ್ಪು ದನಕ್ಕೆ ಹದವಾಗಿ ನಡೆಯುತ್ತದೆ, ಕುದುರೆಗೆ ಹಾಕಿದರೆ ಅಯಾಲು, ಬಾಲದ ಕೂದಲು ಉದುರುತ್ತವೆ. ಇಷ್ಟೆಲ್ಲ ಮಾಡಿದ ಮೇಲೆ ಕಂಬದ ಅಂಚಿಗೆ ನುಣ್ಣನೆಯ ತಗಡು ಬಡಿಯುತ್ತೀರಾ, ಬಡಿಯಿರಿ. ಮೊಳೆಯ ತಲೆ ಹೊರಗೆ ಬರದಂತೆ ನೋಡಿ. ಗ್ವಾದಲಿ ಮೊದಲು, ತಗಡು ಕಡೆಗೆ. ಒಂದು ತಿಂಗಳು, ಎರಡು ತಿಂಗಳು ತಾಳ್ಮೆ ಬೇಕು. ವರ್ಷದ ಕೊರತೆ ವಾರದಲ್ಲಿ ತುಂಬುವುದಿಲ್ಲ, ಮತ್ತು ಬಹಳ ದಿನದ ರೂಢಿ ಕೊರತೆ ತುಂಬಿದ ಮೇಲೂ ಸ್ವಲ್ಪ ಉಳಿಯಬಹುದು.

ಕಡೆಯ ಮಾತು ನಮ್ಮ ಕನ್ನಡ ಶಾಲೆಯ ಗುರುಗಳಿಗೆ. ನಮ್ಮ ಸೀಮೆಯಲ್ಲಿ ಖನಿಜದ ಚೀಲದ ಮೇಲೆ ಬರೆದದ್ದು ಮರಾಠಿ, ಇಲ್ಲವೇ ಇಂಗ್ಲಿಷು. ದವಾಖಾನೆಯ ಗೋಡೆಯ ಫಲಕ ಮರಾಠಿ. ಆ ಭಾಷೆಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ಸಂತೆಯಲ್ಲಿ ನಾವೆಲ್ಲ ಅದನ್ನೇ ಮಾತಾಡುತ್ತೇವೆ. ಆದರೆ ಕೊಟ್ಟಿಗೆಯ ಕೆಲಸ ಮಾಡುವ ನಮ್ಮ ಅವ್ವ, ಆಯಿಗಳಿಗೆ ಬರುವ ಅಕ್ಷರ ಕನ್ನಡದ್ದು, ಅದೂ ಸ್ವಲ್ಪ. ಯೂರಿಯಾ ಇರುವ ಇಟ್ಟಂಗಿ ಯಾವುದು, ಇಲ್ಲದ್ದು ಯಾವುದು ಅಂತ ಅವರಿಗೆ ಯಾರು ಓದಿ ಹೇಳಬೇಕು? ಸುಮಾರು 900 ವರ್ಷದ ಹಿಂದೆ ಚಾಲುಕ್ಯರ ಮನೆತನದ ಕೀರ್ತಿವರ್ಮ 'ಗೋವೈದ್ಯ' ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ದನದ ಆರೈಕೆಯನ್ನು ದನ ಕಾಯುವವರ ಮಾತಿನಲ್ಲೇ ಹೇಳಬೇಕು ಅನ್ನುವ ಬುದ್ಧಿ ಅರಮನೆಯವನಿಗೆ ಅವತ್ತೇ ಇತ್ತು. ಇವತ್ತು ಒಂದು ಹಾಳೆ ಕನ್ನಡ ಬರೆದು ವಾಚನಾಲಯದ ಬಾಗಿಲಿಗೆ, ಹಾಲಿನ ಡೇರಿಯ ಗೋಡೆಗೆ ಹಚ್ಚಲಿಕ್ಕೆ ನಮಗೆ ಅಡ್ಡಿ ಏನು? ಏಳನೆಯ ಇಯತ್ತೆಯ ಮಕ್ಕಳಿಗೆ ತಮ್ಮ ಮನೆಯ ದನದ ಮೈತೂಕ ಅಂದಾಜು ಮಾಡಿ ಮೇವಿನ ಲೆಕ್ಕ ಹಾಕಲು ಕೊಡಿ. ಗಣಿತವೂ ಆಗುತ್ತದೆ, ಎಮ್ಮೆಗೆ ಉಪ್ಪೂ ಸಿಗುತ್ತದೆ.

ದನಕ್ಕೆ ಬಾಯಿದೆ, ಮಾತಿಲ್ಲ ಅನ್ನುತ್ತೇವೆ. ಮಾತಿದೆ, ಅದನ್ನು ಅದು ಹಲ್ಲಿನಿಂದ ಕಂಬದ ಮೇಲೆ ಬರೆಯುತ್ತದೆ. ನಾಳೆ ಮುಂಜಾನೆ ಸಗಣಿ ಬಳಿಯಲಿಕ್ಕೆ ಕೊಟ್ಟಿಗೆಗೆ ಹೋದಾಗ ಬಡಿಗೆ ಹೊರಗಿಟ್ಟು ಒಮ್ಮೆ ಕಂಬ ನೋಡಿ, ಒಮ್ಮೆ ಗ್ವಾದಲಿ ನೋಡಿ. ಆಮೇಲೆ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತನ್ನಿ.